ಎರವಲು ತಂದ ಮುಖಗಳು: ವಿಡಿಯೋ ಗೇಮ್ ಕಟ್ಟುವ ಕಿರಿಯ ಮಿತ್ರರಿಗೆ ಒಂದು ಬಹಿರಂಗ ಪತ್ರ

ಬೆಂಗಳೂರಿನಲ್ಲಿಯೂ ಹೊರನಾಡುಗಳಲ್ಲಿಯೂ ವಿಡಿಯೋ ಗೇಮುಗಳನ್ನು ರೂಪಿಸುವ ಕಾಯಕದಲ್ಲಿ ತೊಡಗಿರುವ ಕನ್ನಡದ ಕಿರಿಯ ಮಿತ್ರರೇ,

ನಿಮ್ಮಲ್ಲಿ ಬಹುಮಂದಿಯನ್ನು ನಾನು ಕಂಡವನಲ್ಲ. ನಿಮ್ಮ ಕೈಕೆಲಸವನ್ನು ಮಾತ್ರ, ಅದು ನಿಮ್ಮದೆಂಬುದನ್ನು ಅರಿಯದೆಯೇ, ಕಾಲೇಜು ಓದುವ ಮೊಮ್ಮಗಳ ಕೋಣೆಯ ತೆರೆಯ ಮೇಲೆ ಎಷ್ಟೋ ಸಂಜೆ ಕಂಡಿರಬೇಕು. 1997ರಲ್ಲಿ ಬೆಂಗಳೂರಿನಲ್ಲಿ ಧ್ರುವ ಇಂಟರಾಕ್ಟಿವ್ ಎಂಬ ಸಂಸ್ಥೆ ಹುಟ್ಟಿದಂದಿನಿಂದ ಈ ಊರಿನ ತರುಣ ತರುಣಿಯರು ದೇಶಾಂತರದ ಆಟಗಳಿಗೆ ಬೇಕಾದ ರೂಪಗಳನ್ನು ತಿದ್ದಿ ತೀಡಿ ಕಳುಹಿಸುತ್ತ ಬಂದಿರುವರೆಂಬುದೂ, ಈ ಉದ್ಯಮಕ್ಕೆಂದೇ ಒಂದು ಪ್ರತ್ಯೇಕ ನೀತಿಯನ್ನು ದೇಶದಲ್ಲಿ ಮೊದಲಿಗೆ, 2012ರಲ್ಲಿ, ಪ್ರಕಟಿಸಿದ್ದು ನಮ್ಮ ರಾಜ್ಯಸರ್ಕಾರವೆಂಬುದೂ ನನಗೆ ತಿಳಿದದ್ದು ತೀರ ಈಚೆಗೆ. ಕಂಪ್ಯೂಟರಿನ ಒಳಮರ್ಮಗಳನ್ನು ಬಲ್ಲವನಂತೆ ನಿಮ್ಮೆದುರು ನಿಲ್ಲುವ ಧಾರ್ಷ್ಟ್ಯ ನನಗಿಲ್ಲ. ಹವ್ಯಾಸಿ ರಂಗಭೂಮಿಯ ನೇಪಥ್ಯದಲ್ಲಿ ಆಯುಷ್ಯದ ಬಹುಭಾಗವನ್ನು ಕಳೆದವನು ನಾನು. ನಟನ ಮುಖಕ್ಕೂ ಅವನು ಧರಿಸುವ ಪಾತ್ರಕ್ಕೂ ಇರುವ ಸಂಬಂಧ ಎಂಥದೆಂಬ ಒಂದು ವಿಷಯದಲ್ಲಿ ನಾಲ್ಕು ಮಾತು ಹೇಳುವಷ್ಟು ಸಲುಗೆ ನನಗುಂಟೆಂದು ಭಾವಿಸಿ, ಬದುಕಿರುವ ನಟರ, ಕೆಲವೊಮ್ಮೆ ಬದುಕಿಲ್ಲದ ನಟರ, ಮುಖವನ್ನೂ ನಡಿಗೆಯನ್ನೂ ದನಿಯನ್ನೂ ಇದ್ದಂತೆಯೇ ತೆಗೆದು ಆಟದ ಪಾತ್ರಗಳಿಗೆ ತೊಡಿಸುವ ರೂಢಿಯನ್ನು ಕುರಿತು ಈ ಬಿನ್ನಹವನ್ನು ಬರೆಯುತ್ತಿದ್ದೇನೆ.

ನಾನು ಈ ವಿದ್ಯೆಯ ವಿರೋಧಿಯೆಂದು ದಯವಿಟ್ಟು ಎಣಿಸಬೇಡಿ. ಜಪಾನಿನ ಹಿಡೆಯೋ ಕೊಜಿಮ 2019ರಲ್ಲಿ ಹೊರತಂದ ‘ಡೆತ್ ಸ್ಟ್ರ್ಯಾಂಡಿಂಗ್’ ಎಂಬ ಆಟವನ್ನು ಮೊಮ್ಮಗಳು ಆಡುವಾಗ ನಾನು ಪಕ್ಕದಲ್ಲಿ ಕುಳಿತು ನೋಡಿದ್ದುಂಟು. ಹಾಳುಬಿದ್ದ ಅಮೆರಿಕದ ಕಲ್ಲುಕಣಿವೆಗಳಲ್ಲಿ ಬೆನ್ನ ತುಂಬ ಹೊರೆ ಹೊತ್ತು ಊರಿಂದೂರಿಗೆ ನಡೆಯುವ ಒಬ್ಬ ಒಂಟಿ ಮನುಷ್ಯನ ಕಥೆ ಅದು. ಅವನ ಮುಖ ನಾರ್ಮನ್ ರೀಡಸ್ ಎಂಬ ಅಮೆರಿಕನ್ ನಟನದು. ಮಾತಿಲ್ಲದೆ ನಡೆಯುವವನ ಆಯಾಸವನ್ನು ಆ ಮುಖ ಹೊತ್ತುಕೊಂಡ ಬಗೆಯನ್ನು ಕಂಡು, ಒಳ್ಳೆಯ ನಟನೊಬ್ಬನನ್ನು ಕಂಡಾಗ ಆಗುವ ಹಿಗ್ಗೇ ನನಗಾಯಿತೆಂದು ಹೇಳಲು ಸಂಕೋಚವಿಲ್ಲ. ಅದೇ ಆಟದಲ್ಲಿ ಚಲನಚಿತ್ರ ನಿರ್ದೇಶಕ ಗಿಯೆರ್ಮೊ ಡೆಲ್ ಟೊರೊ ಅವರ ಮುಖವಿದೆ, ದನಿ ಮಾತ್ರ ಜೆಸ್ಸಿ ಕೋರ್ಟಿ ಎಂಬ ಬೇರೊಬ್ಬ ನಟನದು. ಲಿಂಡ್ಸೆ ವ್ಯಾಗ್ನರ್ ಎಂಬ ಹಿರಿಯ ನಟಿಯ ಮುಖವನ್ನು ಮರಳಿ ತರುಣಿಯದಾಗಿಸಿ ಅದಕ್ಕೆ ಎಮಿಲಿ ಓಬ್ರಿಯನ್ ಎಂಬಾಕೆಯ ಕಂಠವನ್ನು ಕೂಡಿಸಿದ್ದಾರೆ. ರಾಜಕುಮಾರರ ಮುಖಕ್ಕೆ ಪಿ. ಬಿ. ಶ್ರೀನಿವಾಸರ ಕಂಠ ಬೆರೆತದ್ದನ್ನು ಅಷ್ಟೊಂದು ವರ್ಷಗಳ ಕಾಲ ಒಂದೇ ಜೀವವೆಂಬಂತೆ ಸ್ವೀಕರಿಸಿದ ನಾವು ಇಂಥ ಸಂಯೋಗವನ್ನು ಕಂಡು ಹುಬ್ಬೇರಿಸುವುದು ತರವಲ್ಲ. ಈ ಪ್ರಸಂಗದಲ್ಲಿ ಎಲ್ಲರೂ ಒಪ್ಪಿ ಬಂದವರು. ಯಾರ ಮುಖ, ಯಾರ ದನಿ ಎಂಬುದನ್ನು ಲೋಕಕ್ಕೆ ತಿಳಿಸಲಾಗಿದೆ. ಕೌಶಲಕ್ಕೆ ಸೌಜನ್ಯ ಜೊತೆಗೂಡಿದ ಕೆಲಸ.

ಮುಖವನ್ನು ಹಿಡಿಯುವ ನಿಮ್ಮ ವಿಧಾನಗಳನ್ನು ನಿಮಗೇ ವಿವರಿಸಹೊರಡುವುದು ಹಾಸ್ಯಾಸ್ಪದವಾದೀತು. ಆದರೂ ಈ ಪತ್ರವನ್ನು ಓದುವ ಇತರರಿಗಾಗಿ ಒಂದು ನಿದರ್ಶನವನ್ನು ಹೇಳುತ್ತೇನೆ. 2011ರಲ್ಲಿ ಬಂದ ‘ಎಲ್. ಎ. ನ್ವಾರ್’ ಎಂಬ ಪತ್ತೇದಾರಿ ಆಟದಲ್ಲಿ, ಎದುರು ಕುಳಿತ ಆಪಾದಿತನು ನಿಜ ನುಡಿಯುತ್ತಿರುವನೋ ಸುಳ್ಳೋ ಎಂಬುದನ್ನು ಆಡುವವನು ಅವನ ಮುಖವನ್ನು ನೋಡಿಯೇ ತೀರ್ಮಾನಿಸಬೇಕು. ಅದಕ್ಕಾಗಿ ನಟನನ್ನು ಕುರ್ಚಿಯಲ್ಲಿ ಕೂರಿಸಿ, ಸುತ್ತಲೂ 32 ಕ್ಯಾಮೆರಾಗಳನ್ನಿಟ್ಟು, ಅವನ ಕಣ್ಣ ಅಂಚಿನ ಕಂಪನ, ತುಟಿಯ ಬಿಗಿತ, ಉಗುಳು ನುಂಗುವ ಗಂಟಲಿನ ಏರಿಳಿತ, ಇವೆಲ್ಲವನ್ನೂ ಬಿಡದೆ ಸೆರೆಹಿಡಿದರು. ರಂಗಮಂದಿರದ ಮುಂದಿನ ಸಾಲಿನಲ್ಲಿ ಕುಳಿತವನಿಗೂ ಕಾಣದಷ್ಟು ಸೂಕ್ಷ್ಮವಾದದ್ದು ಯಂತ್ರದ ವಶಕ್ಕೆ ಬಂತು. ಇದು ಹದಿನಾಲ್ಕು ಹದಿನೈದು ವರ್ಷಗಳ ಹಿಂದಿನ ಮಾತು. ಆಮೇಲೆ ನಿಮ್ಮ ವಿದ್ಯೆ ಎಷ್ಟು ಮುಂದೆ ಹೋಗಿದೆಯೆಂಬುದನ್ನು ನೀವೇ ಬಲ್ಲಿರಿ.

ಇನ್ನು ನನ್ನ ಮುಖ್ಯ ಮಾತಿಗೆ ಬರುತ್ತೇನೆ. ಬಹಳ ಹಿಂದೆ ನಮ್ಮ ತಂಡದಲ್ಲಿ ಒಂದು ನಾಟಕದ ತಾಲೀಮು ನಡೆದಿತ್ತು. ಒಂದು ದೃಶ್ಯದಲ್ಲಿ ಸೊಸೆಯ ಪಾತ್ರದವಳು ಮಾವನ ಕಾಲಿಗೆ ಬಿದ್ದು ಹೊರಳಾಡಿ ಅಳಬೇಕೆಂದು ನಿರ್ದೇಶಕರ ಸೂಚನೆ. ಆ ಪಾತ್ರವನ್ನು ವಹಿಸಿದ್ದ ಶಾಲಾ ಉಪಾಧ್ಯಾಯಿನಿ ಎರಡು ದಿನ ಹಾಗೆಯೇ ಮಾಡಿ, ಮೂರನೆಯ ದಿನ ನಡುರಂಗದಲ್ಲಿ ನಿಂತು, “ಇವಳು ಬೀಳುವವಳಲ್ಲ ಸಾರ್, ನಾನು ಬೀಳೋದಿಲ್ಲ,” ಎಂದುಬಿಟ್ಟರು. ನಿರ್ದೇಶಕರು ಮುನಿದು ಚಹಾ ಕುಡಿಯಲು ಹೊರಗೆ ಹೋದರು. ಹಿಂದಿರುಗಿ ಬಂದು ದೃಶ್ಯವನ್ನು ಬದಲಿಸಿದರು. ಪ್ರಯೋಗದ ರಾತ್ರಿ ಜನ ಉಸಿರು ಬಿಗಿಹಿಡಿದು ನೋಡಿದ್ದು ಆಕೆ ಬೀಳದೆ ನಿಂತ ಆ ಘಳಿಗೆಯನ್ನೇ. ಒಲ್ಲೆನೆನ್ನುವ ಅಧಿಕಾರ ನಟನ ಕಲೆಯ ಹೊರಗಿನದಲ್ಲ, ಅದರ ಒಂದು ಅಂಗವೆಂಬುದನ್ನು ನಾನು ಅರಿತದ್ದು ಹೀಗೆ. ಚಲನಚಿತ್ರದ ನಟನಿಗೂ ಈ ಅಧಿಕಾರ ಅಷ್ಟಿಷ್ಟು ಉಳಿದಿದೆ: ತೆರೆಯ ಮೇಲೆ ಅವನು ಮಾಡುವುದೆಲ್ಲವನ್ನೂ ಒಂದು ದಿನ ಕ್ಯಾಮೆರಾದ ಮುಂದೆ ತಾನೇ ಮಾಡಿದ್ದಾನೆ, ಮಾಡದಿರಲೂ ಬಹುದಾಗಿತ್ತು. ಆಟದ ಪಾತ್ರಕ್ಕೆ ಮುಖ ಕೊಟ್ಟವನ ಸ್ಥಿತಿ ಹಾಗಲ್ಲ. ಅವನು ಕೆಲವು ದಿನ ಬಂದು ನಕ್ಕು, ಅತ್ತು, ಓಡಿ, ಬಿದ್ದು ಮನೆಗೆ ಹೋಗುತ್ತಾನೆ. ಅವನ ಮುಖ ನಿಮ್ಮಲ್ಲಿ ಉಳಿಯುತ್ತದೆ. ಅನಂತರ ಅದು ಯಾರನ್ನು ಕೊಲ್ಲಬೇಕು, ಯಾರನ್ನು ತಬ್ಬಬೇಕು, ಯಾವ ಮಾತನ್ನಾಡಬೇಕು ಎಂಬುದನ್ನು ನಿಶ್ಚಯಿಸುವವರು ಮೊದಲು ನೀವು, ಆಮೇಲೆ ಅವನನ್ನೆಂದೂ ಕಾಣದ ಲಕ್ಷಾಂತರ ಆಟಗಾರರು. ಆ ಮುಖ ಯಾವುದಕ್ಕೂ ಒಲ್ಲೆನೆನ್ನಲಾರದು.

ಇದು ಮುದುಕನೊಬ್ಬನ ಕಲ್ಪಿತ ಭಯವೆಂದು ತಳ್ಳಿಹಾಕಬೇಡಿ. 2009ರಲ್ಲಿ ಆಕ್ಟಿವಿಷನ್ ಸಂಸ್ಥೆ ‘ಬ್ಯಾಂಡ್ ಹೀರೋ’ ಎಂಬ ಸಂಗೀತದ ಆಟವನ್ನು ತಂದಿತು. ‘ನೋ ಡೌಟ್’ ಎಂಬ ಗಾಯಕವೃಂದದವರು ತಮ್ಮ ರೂಪಗಳನ್ನು ಅದರಲ್ಲಿ ಬಳಸಲು ಒಪ್ಪಿ ಸಹಿ ಮಾಡಿದ್ದರು. ತಮ್ಮ ರೂಪಗಳು ತಮ್ಮ ಹಾಡುಗಳನ್ನು ಹಾಡುವುವೆಂಬುದು ಅವರ ತಿಳಿವಳಿಕೆ. ಆಟ ಹೊರಬಂದ ಮೇಲೆ ನೋಡಿದರೆ, ಆಡುವವನು ಮನಸ್ಸುಮಾಡಿದಲ್ಲಿ ಅದೇ ರೂಪಗಳಿಂದ ಅನ್ಯರ ಹಾಡುಗಳನ್ನು ಹಾಡಿಸಬಹುದಾಗಿತ್ತು. ವೃಂದದ ಗಾಯಕಿಯ ಪ್ರತಿರೂಪವು ಗಂಡುದನಿಯಲ್ಲಿ ಹಾಡಿ ಕುಣಿಯಬಹುದಾಗಿತ್ತು. ಅವರು ನ್ಯಾಯಾಲಯದ ಮೆಟ್ಟಿಲೇರಿದರು. ಅವರ ದಾವೆ ಮುಂದುವರಿಯಬಹುದೆಂದು ಕ್ಯಾಲಿಫೋರ್ನಿಯದ ಮೇಲ್ಮನವಿ ನ್ಯಾಯಾಲಯ 2011ರಲ್ಲಿ ತೀರ್ಪಿತ್ತಿತು. ಮತ್ತೊಂದು ಉದಾಹರಣೆ ಪೋಲೆಂಡಿನ ಸಿಡಿ ಪ್ರಾಜೆಕ್ಟ್ ಸಂಸ್ಥೆ 2020ರ ಡಿಸೆಂಬರಿನಲ್ಲಿ ಬಿಡುಗಡೆ ಮಾಡಿದ ‘ಸೈಬರ್‌ಪಂಕ್ 2077’. ಹಾಲಿವುಡ್ ನಟ ಕಿಯಾನು ರೀವ್ಸ್ ತಮ್ಮ ಮುಖವನ್ನೂ ದನಿಯನ್ನೂ ಅದರಲ್ಲಿನ ಒಂದು ಪ್ರಧಾನ ಪಾತ್ರಕ್ಕೆ ಕೊಟ್ಟಿದ್ದರು. ತಿಂಗಳು ಕಳೆಯುವಷ್ಟರಲ್ಲಿ ಯಾರೋ ಆಟದ ಫೈಲುಗಳನ್ನು ಅದಲುಬದಲು ಮಾಡಿ, ಆ ರೂಪದೊಡನೆ ಆಟಗಾರರು ರತಿಕ್ರೀಡೆ ನಡೆಸಬಹುದಾದಂಥ ಒಂದು ಮಾರ್ಪಾಟನ್ನು (‘ಮಾಡ್’) ಸಿದ್ಧಪಡಿಸಿ ಹಂಚಿದರು. ಸಂಸ್ಥೆ ಕೂಡಲೆ ಅದನ್ನು ತೆಗೆಯಿಸಿತು; ನಿಜವ್ಯಕ್ತಿಗಳ ರೂಪದ ವಿಷಯದಲ್ಲಿ ಇತರರಿಗೆ ನೋವಾಗುವ ಕೆಲಸವನ್ನು ಸಹಿಸುವುದಿಲ್ಲವೆಂದು ಸಾರಿತು. ಸಂಸ್ಥೆ ನಡೆದುಕೊಂಡ ರೀತಿಯನ್ನು ಮೆಚ್ಚುತ್ತೇನೆ; ಆದರೆ ಪ್ರಸಿದ್ಧನಲ್ಲದ ಒಬ್ಬನ ಮುಖಕ್ಕೆ ಇದೇ ಗತಿ ಬಂದಿದ್ದರೆ ಯಾರಾದರೂ ಅಷ್ಟು ತ್ವರೆಯಿಂದ ಓಡಿಬರುತ್ತಿದ್ದರೇ ಎಂಬ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ.

ನಮ್ಮ ಊರುಗಳಲ್ಲಿ ಮದುವೆಯ ಅಡಿಗೆಗೆಂದು ನೆರೆಮನೆಯಿಂದ ಕೊಪ್ಪರಿಗೆಯನ್ನು ಎರವಲು ತರುತ್ತಿದ್ದರು. ಅದರ ಕಂಠದ ಮೇಲೆ ಮನೆಯವರ ಹೆಸರು ಕೆತ್ತಿರುತ್ತಿತ್ತು. ತಂದದ್ದು ಯಾವ ಕಾರ್ಯಕ್ಕೋ ಆ ಕಾರ್ಯಕ್ಕೆ ಬಳಸಿ, ಬೆಳಗಿ, ಹಿಂದಿರುಗಿಸಬೇಕಾದದ್ದು ಮರ್ಯಾದೆ. ಬೇರೊಂದು ಊರಿನ ಸಂತರ್ಪಣೆಗೆ ಬೇಕೆಂದಾದರೆ ಮತ್ತೊಮ್ಮೆ ಆ ಮನೆಯ ಬಾಗಿಲಿಗೆ ಹೋಗಿ ಕೇಳಲೇಬೇಕು. ಮುಖದ ವಿಷಯದಲ್ಲಿ ನಾನು ನಿಮ್ಮಿಂದ ಬೇಡುವುದು ಇದಕ್ಕಿಂತ ಹೆಚ್ಚಿನದಲ್ಲ.

ಆದರೆ ಈಗಿನ ಕರಾರುಪತ್ರಗಳ ಧಾಟಿ ಬೇರೆಯಾಗಿದೆ. ನಮ್ಮ ತಂಡದ ಒಬ್ಬ ತರುಣನಟ ಒಂದು ಸ್ಟುಡಿಯೋದಲ್ಲಿ ಒಂದು ದಿನ ಮುಖವನ್ನು ಸ್ಕ್ಯಾನ್ ಮಾಡಿಸಿಕೊಳ್ಳಲು ಒಪ್ಪಿ, ಸಹಿಗೆ ಮೊದಲು ಕಾಗದವನ್ನು ನನ್ನ ಬಳಿ ತಂದಿದ್ದ. ಈಗ ಇರುವ ಮತ್ತು ಮುಂದೆ ಕಂಡುಹಿಡಿಯಲಾಗುವ ಸಕಲ ಮಾಧ್ಯಮಗಳಲ್ಲಿ, ಶಾಶ್ವತವಾಗಿ, ವಿಶ್ವದಾದ್ಯಂತ ಅವನ ಮುಖವನ್ನು ಬಳಸಿಕೊಳ್ಳುವ ಹಕ್ಕು ಅವರಿಗಿರುತ್ತದೆಯೆಂದು ಅದರಲ್ಲಿ ಬರೆದಿತ್ತು. ಭೂಮಂಡಲ ಸಾಲದೆಂದು ಬ್ರಹ್ಮಾಂಡವನ್ನೇ ಬರೆಯಿಸಿಕೊಂಡವರ ದೂರದೃಷ್ಟಿಗೆ ನಾನು ಬೆರಗಾದೆ! ಯಾವ ಆಟ, ಯಾವ ಪಾತ್ರ ಎಂಬುದರ ಸುಳಿವೇ ಆ ಕಾಗದದಲ್ಲಿ ಇರಲಿಲ್ಲ. ಮನೆಬಾಡಿಗೆ ಕಟ್ಟಬೇಕಾಗಿದ್ದುದರಿಂದ ಅವನು ಸಹಿ ಮಾಡಿದ. ತನ್ನ ಮುಖ ಈಗ ಎಲ್ಲಿ ಏನು ಮಾಡುತ್ತಿದೆಯೆಂಬುದನ್ನು ಅವನು ಇಂದಿಗೂ ಅರಿಯ.

ಕಾನೂನು ಅವನನ್ನು ಕಾಯುವುದೆಂದು ನೀವು ಹೇಳಬಹುದು. ನಮ್ಮ ದೇಶದಲ್ಲಿ ವ್ಯಕ್ತಿಯ ಮುಖ, ಹೆಸರು, ದನಿಗಳ ಹಕ್ಕನ್ನೇ ಕುರಿತ ಪ್ರತ್ಯೇಕ ಶಾಸನವಿಲ್ಲ. 1957ರ ಕೃತಿಸ್ವಾಮ್ಯ ಕಾಯಿದೆಗೆ ಮಾಡಿದ ತಿದ್ದುಪಡಿಗಳಿಂದ ಪ್ರದರ್ಶನ ನೀಡಿದವನಿಗೆ ಕೆಲವು ಹಕ್ಕುಗಳು ದೊರೆತಿವೆ, 2012ರಲ್ಲಿ ನೈತಿಕ ಹಕ್ಕುಗಳೂ ಸೇರಿಕೊಂಡಿವೆ. ಆದರೆ ಅವು ಪ್ರದರ್ಶನವನ್ನು ಕುರಿತವು, ಮುಖವನ್ನು ಕುರಿತವಲ್ಲ. ಅಮಿತಾಭ್ ಬಚ್ಚನ್ 2022ರಲ್ಲಿ, ಅನಿಲ್ ಕಪೂರ್ 2023ರಲ್ಲಿ ದೆಹಲಿಯ ಉಚ್ಚ ನ್ಯಾಯಾಲಯದಿಂದ ರಕ್ಷಣೆಯ ಆದೇಶಗಳನ್ನು ಪಡೆದರು. ಅಂಥವರ ಮುಖಕ್ಕೆ ಬೆಲೆಯುಂಟೆಂಬುದನ್ನು ನ್ಯಾಯಾಲಯಕ್ಕೆ ಸಾಬೀತುಪಡಿಸಬೇಕಾದ ಅಗತ್ಯವೇ ಇಲ್ಲ. ಅನಾಮಧೇಯನ ಪಾಡೇನು? ಅಮೆರಿಕದ ಒಂದು ಹಳೆಯ ಮೊಕದ್ದಮೆ ಇದಕ್ಕೆ ಉತ್ತರ ಹೇಳುತ್ತದೆ. 1992ರ ‘ಮಾರ್ಟಲ್ ಕಾಂಬ್ಯಾಟ್’ ಎಂಬ ಕಾದಾಟದ ಆಟಕ್ಕಾಗಿ ನಿಜವಾದ ನಟರನ್ನು ಕ್ಯಾಮೆರಾದ ಮುಂದೆ ಒದೆಸಿ, ಹಾರಿಸಿ, ಆ ಚಿತ್ರಗಳನ್ನೇ ಪಾತ್ರಗಳನ್ನಾಗಿಸಿದ್ದರು. ಅವರಲ್ಲೊಬ್ಬರಾದ ಡೇನಿಯಲ್ ಪೆಸಿನಾ, ಅಂಗಡಿಯಲ್ಲಿ ಆಡುವ ಯಂತ್ರಕ್ಕೆಂದು ತೆಗೆದ ತನ್ನ ರೂಪವನ್ನು ಮನೆಯಲ್ಲಿ ಆಡುವ ಆವೃತ್ತಿಗಳಿಗೂ ಬಳಸಿಕೊಂಡರೆಂದು ದಾವೆ ಹೂಡಿ 1996ರಲ್ಲಿ ಸೋತರು. ಚಿತ್ರವನ್ನು ಬಹಳವಾಗಿ ಮಾರ್ಪಡಿಸಲಾಗಿದೆ, ಜನ ಆತನನ್ನು ಅದರಲ್ಲಿ ಗುರುತಿಸಲಾರರು ಎಂಬುದು ನ್ಯಾಯಾಲಯದ ನಿಲುವಿನ ಸಾರ. ಹೆಸರಿಲ್ಲದ ನಟನಿಗೆ ತನ್ನ ಒದೆತ ತನ್ನದೆಂದು ಹೇಳಿಕೊಳ್ಳುವುದೂ ದುಸ್ತರವಾಯಿತು.

ಈ ಕಾರಣದಿಂದಲೇ ಅಮೆರಿಕದ ನಟರ ಸಂಘವಾದ ಸ್ಯಾಗ್-ಆಫ್ಟ್ರಾ 2024ರ ಜುಲೈ 26ರಂದು ವಿಡಿಯೋ ಗೇಮ್ ಸಂಸ್ಥೆಗಳ ವಿರುದ್ಧ ಮುಷ್ಕರ ಹೂಡಿದ್ದು. ಸುಮಾರು ಹನ್ನೊಂದು ತಿಂಗಳು ನಡೆದ ಆ ಮುಷ್ಕರದಲ್ಲಿ ಹಣಕ್ಕಿಂತ ದೊಡ್ಡದಾಗಿ ನಿಂತ ಪ್ರಶ್ನೆ ಕೃತಕ ಬುದ್ಧಿಮತ್ತೆಯದು: ಒಮ್ಮೆ ಹಿಡಿದಿಟ್ಟ ಮುಖ, ದನಿ, ಚಲನೆಗಳಿಂದ ನಟನಿಲ್ಲದೆಯೇ ಹೊಸ ಅಭಿನಯವನ್ನು ಉತ್ಪಾದಿಸಬಹುದೇ? ಮೈಗೆ ಗುರುತುಬಿಂದುಗಳನ್ನು ಅಂಟಿಸಿಕೊಂಡು ಕುಣಿದು ಕಾದಾಡುವ ಚಲನನಟರ ಶ್ರಮವನ್ನು ಅಭಿನಯವೆಂದಲ್ಲದೆ ಬರಿಯ ದತ್ತಾಂಶವೆಂದು ಕಾಣುವ ಅಪಾಯವಿದೆಯೆಂದು ಸಂಘ ಆಕ್ಷೇಪಿಸಿತು. 2025ರ ಜೂನಿನಲ್ಲಿ ಮುಷ್ಕರ ನಿಂತು, ಜುಲೈಯಲ್ಲಿ ಸದಸ್ಯರು ಅನುಮೋದಿಸಿದ ಹೊಸ ಒಪ್ಪಂದದಲ್ಲಿ ಪ್ರತಿರೂಪದ ಬಳಕೆಗೆ ತಿಳಿಸಿ ಒಪ್ಪಿಗೆ ಪಡೆಯಬೇಕೆಂಬ ನಿಯಮವಿದೆ. ಅದಕ್ಕಿಂತ ನನಗೆ ಹೆಚ್ಚು ಹಿಡಿಸಿದ್ದು, ಮುಂದೆ ಮುಷ್ಕರ ನಡೆಯುವ ಕಾಲದಲ್ಲಿ ನಟನು ಕೊಟ್ಟ ಒಪ್ಪಿಗೆಯನ್ನು ತಡೆಹಿಡಿಯಬಹುದೆಂಬ ಮಾತು. ನಟ ಮನೆಯಲ್ಲಿದ್ದು ಅವನ ಮುಖ ಮಾತ್ರ ಕೆಲಸಕ್ಕೆ ಹೋಗುವ ವಿಚಿತ್ರವನ್ನು ಅದು ತಪ್ಪಿಸುತ್ತದೆ.

ಗತಿಸಿದವರ ವಿಷಯ ಇನ್ನೂ ನಾಜೂಕಿನದು. ಕನ್ನಡಿಗರಾದ ನಮಗೆ ಇದು ಹೊರಗಿನ ಸಂಗತಿಯಲ್ಲ. 2009ರ ಡಿಸೆಂಬರಿನಲ್ಲಿ ತೀರಿಕೊಂಡ ವಿಷ್ಣುವರ್ಧನರನ್ನು ಕೋಡಿ ರಾಮಕೃಷ್ಣ ಅವರು ನಿರ್ದೇಶಿಸಿದ 2016ರ ‘ನಾಗರಹಾವು’ ಚಿತ್ರ ಕಂಪ್ಯೂಟರಿನ ಬಲದಿಂದ ಮತ್ತೆ ತೆರೆಗೆ ತಂದಿತು. ಪುನೀತ್ ರಾಜಕುಮಾರ್ ಅಗಲಿದ ಮೇಲೆ 2022ರ ಮಾರ್ಚಿನಲ್ಲಿ ತೆರೆಕಂಡ ‘ಜೇಮ್ಸ್’ ಚಿತ್ರದಲ್ಲಿ ಮೊದಲು ಅಣ್ಣ ಶಿವರಾಜಕುಮಾರರು ದನಿ ಕೊಟ್ಟರು. ಬಳಿಕ ತಂತ್ರಜ್ಞಾನದ ನೆರವಿನಿಂದ ಪುನೀತರ ದನಿಯನ್ನೇ ಕೇಳಿಸಿದರು. ಈ ಎರಡೂ ಒಂದೇ ಬಗೆಯವಲ್ಲವೆಂದು ನನ್ನ ಅಭಿಪ್ರಾಯ. ‘ಜೇಮ್ಸ್’ನಲ್ಲಿ ಅಭಿನಯ ಪುನೀತರದು, ಕಥೆಯನ್ನು ಅವರು ಕೇಳಿ ಒಪ್ಪಿದ್ದರು, ಅರ್ಧದಲ್ಲಿ ನಿಂತ ಕೆಲಸವನ್ನು ಪ್ರೀತಿಯುಳ್ಳವರು ಪೂರೈಸಿದರು. ‘ನಾಗರಹಾವು’ ಚಿತ್ರದಲ್ಲಿಯಾದರೋ ವಿಷ್ಣುವರ್ಧನರ ಮುಖ ಅವರು ಓದದ ಕಥೆಯಲ್ಲಿ, ಬೇರೊಬ್ಬನ ಮೈಮೇಲೆ ಕುಳಿತಿತ್ತು. ಅಭಿಮಾನಿಗಳ ಹರ್ಷ ಎಷ್ಟೇ ನಿಷ್ಕಪಟವಾಗಿರಲಿ, ಅದು ಅವರ ಅಭಿನಯವೆಂದು ನಾನು ಒಪ್ಪಲಾರೆ. ಆಟಗಳ ಲೋಕದಲ್ಲಿ ನನಗೆ ಸಭ್ಯವೆಂದು ತೋರಿದ ಒಂದು ನಡೆ ಮತ್ತೆ ‘ಸೈಬರ್‌ಪಂಕ್’ನವರದೇ. ಪೋಲಿಷ್ ಆವೃತ್ತಿಯಲ್ಲಿ ಒಂದು ಪಾತ್ರಕ್ಕೆ ದನಿ ಕೊಟ್ಟಿದ್ದ ಮಿವೊಗೋಸ್ತ್ ರೆಚೆಕ್ 2021ರಲ್ಲಿ ತೀರಿಕೊಂಡರು. ಅದೇ ಆಟದ 2023ರ ವಿಸ್ತರಣೆಗಾಗಿ ಮನೆಯವರನ್ನು ಕೇಳಿ, ಅವರು ಒಪ್ಪಿದ ಮೇಲೆ, ಇನ್ನೊಬ್ಬ ನಟನಿಂದ ಮಾತುಗಳನ್ನು ಆಡಿಸಿ ಅದನ್ನು ರೆಚೆಕ್‌ರ ದನಿಗೆ ಪರಿವರ್ತಿಸಿದರು. ಅವರೇ ಒಪ್ಪಿ ಆರಂಭಿಸಿದ್ದ ಪಾತ್ರ, ಮನೆಯವರ ಸಮ್ಮತಿ, ಮತ್ತೊಬ್ಬ ನಟನಿಗೆ ಕೆಲಸ, ಇವು ಮೂರೂ ಅಲ್ಲಿ ಕೂಡಿಬಂದುವು.

ಇಷ್ಟನ್ನು ಹೇಳಿ, ನಾನು ಬೇಡಬೇಕಾದದ್ದನ್ನು ಬೇಡುತ್ತೇನೆ. ನಟನೊಬ್ಬನ ಮುಖವನ್ನು ಹಿಡಿಯುವ ಮುನ್ನ ಅದು ಯಾವ ಆಟಕ್ಕೆ, ಯಾವ ಪಾತ್ರಕ್ಕೆ ಎಂಬುದನ್ನು ಕಾಗದದಲ್ಲಿ ಹೆಸರಿಸುವಂತೆ ಮಾಡಿ. ಅದು ಏನೇನು ಮಾಡಲಾರದೆಂಬುದನ್ನೂ, ನಗ್ನತೆಯೇ ಆಗಲಿ, ಹೆಂಗಸರ ಮಕ್ಕಳ ಮೇಲಿನ ಹಿಂಸೆಯೇ ಆಗಲಿ, ಒಂದು ಧರ್ಮದ ಅವಹೇಳನವೇ ಆಗಲಿ, ಆತನ ಬಾಯಿಂದಲೇ ಕೇಳಿ ಬರೆದುಕೊಳ್ಳಿ. ಮುಂದಿನ ಭಾಗಕ್ಕೋ, ಜಾಹೀರಾತಿಗೋ, ಕೃತಕ ಬುದ್ಧಿಮತ್ತೆಗೆ ಕಲಿಸುವುದಕ್ಕೋ ಅದೇ ಮುಖ ಬೇಕೆನಿಸಿದರೆ ಮತ್ತೆ ಕೇಳಿ, ಮತ್ತೆ ಸಂಭಾವನೆ ಕೊಡಿಸಿ. ಕೇಳಿದ ನಟ ಒಪ್ಪದೆ ಹೋದಾಗ ಅವನನ್ನು ಹೋಲುವ ಮುಖವೊಂದನ್ನು ತಿದ್ದಿ ತಯಾರಿಸುವಂತೆ ನಿಮಗೆ ಆಜ್ಞೆ ಬಂದರೆ, ವಿನಯದಿಂದಲೇ ನಿರಾಕರಿಸಿ. ಮುಖ ಒಬ್ಬರದು, ಮೈ ಇನ್ನೊಬ್ಬರದು, ದನಿ ಮತ್ತೊಬ್ಬರದು ಆದಲ್ಲಿ ಮೂವರ ಹೆಸರನ್ನೂ ಆಟದ ಕೊನೆಯ ಪಟ್ಟಿಯಲ್ಲಿ ಓದಲಾಗುವಷ್ಟು ದಪ್ಪಕ್ಷರದಲ್ಲಿ ಹಾಕಿಸಿ; ಒಂದು ದಿನ ಬಂದು ಹೋದ ಬೆಂಗಳೂರಿನ ಹುಡುಗನ ಹೆಸರೂ ಅದರಲ್ಲಿ ಇರಲಿ.

ನಾವು ಸಂಬಳಕ್ಕೆ ದುಡಿಯುವವರು, ಕರಾರು ಬರೆಯುವವರು ಎಲ್ಲೋ ಕ್ಯಾಲಿಫೋರ್ನಿಯದ ವಕೀಲರು, ನಮ್ಮಿಂದೇನಾದೀತು ಎಂದು ನೀವು ಕೇಳುವಿರಿ. ನಿಮ್ಮ ಮಾತಿನಲ್ಲಿ ಸತ್ಯವಿದೆ. ನಿಮ್ಮ ಕೆಲಸದ ಭದ್ರತೆಯನ್ನು ಪಣವಾಗಿಡಿರೆಂದು ಹೇಳುವ ಅಧಿಕಾರ ನನಗಿಲ್ಲ. ಆದರೆ ವಕೀಲರು ಆ ಮುಖವನ್ನು ನೋಡುವುದಿಲ್ಲ, ನೀವು ನೋಡುತ್ತೀರಿ. ಹುಬ್ಬಿನ ಒಂದೊಂದು ಕೂದಲನ್ನೂ ಹಚ್ಚಿ, ಕಣ್ಣಿನ ತೇವವನ್ನು ಹೊಂದಿಸಿ, ವಾರಗಟ್ಟಲೆ ಅದರೊಡನೆ ಕಳೆಯುವವರು ನೀವು. ಈ ಬಳಕೆಗೆ ಒಪ್ಪಿಗೆಯಿದೆಯೇ ಎಂಬ ಒಂದು ಸಾಲಿನ ಪ್ರಶ್ನೆಯನ್ನು ಮೇಲಿನವರಿಗೆ ಲಿಖಿತವಾಗಿ ಕಳುಹಿಸುವುದಕ್ಕೆ ಯಾರ ಅಡ್ಡಿಯೂ ಇರಲಾರದು. ಸ್ಕ್ಯಾನ್ ಮಾಡಿದ ಮುಖದ ಫೈಲನ್ನು ಸ್ವಂತ ಕೆಲಸದ ಮಾದರಿಯೆಂದು ಪೆನ್‌ಡ್ರೈವಿನಲ್ಲಿ ಮನೆಗೆ ಒಯ್ಯದಿರುವುದು, ಗೆಳೆಯರ ವಿನೋದಕ್ಕಾಗಿ ಅದರಿಂದ ಅಸಂಬದ್ಧ ಚೇಷ್ಟೆಗಳನ್ನು ಮಾಡಿಸದಿರುವುದು, ಇವಂತೂ ನಿಮ್ಮ ಕೈಯಲ್ಲಿಯೇ ಇರುವ ಸಂಗತಿಗಳು.

ಕಡೆಗೆ ಒಂದು ಸಹಾಯದ ಮಾತು. ನಮ್ಮ ಜಿಲ್ಲೆಗಳ ರಂಗತಂಡಗಳಿಂದ ಬರುವ ನಟನಟಿಯರಲ್ಲಿ ಅನೇಕರಿಗೆ ಇಂಗ್ಲಿಷಿನ ಕರಾರುಪತ್ರ ಓದಿ ತಿಳಿಯುವಂಥದಲ್ಲ. ಮುಖವನ್ನು ಯಾವುದಕ್ಕೆ ಕೊಡುತ್ತಿದ್ದೇವೆ, ಎಷ್ಟು ಕಾಲಕ್ಕೆ, ಯಾವುದಕ್ಕೆ ಕೊಡುತ್ತಿಲ್ಲ ಎಂಬುದನ್ನು ತಿಳಿಗನ್ನಡದಲ್ಲಿ ಹೇಳುವ ಒಂದು ಪುಟದ ಒಪ್ಪಿಗೆಪತ್ರ ಅವರ ಕೈಗೆ ದೊರೆತರೆ ದೊಡ್ಡ ಉಪಕಾರವಾಗುತ್ತದೆ. ವಕೀಲಿ ಬಲ್ಲ ಇಬ್ಬರು ಸ್ನೇಹಿತರು ಅದರ ಕರಡನ್ನು ಸಿದ್ಧಪಡಿಸಲು ಒಪ್ಪಿದ್ದಾರೆ. ಭಾಷೆಯನ್ನು ತಿದ್ದುವ ಹೊಣೆ ನನ್ನದು. ಸ್ಟುಡಿಯೋದ ಒಳಗೆ ನಿಜಕ್ಕೂ ಏನೇನು ನಡೆಯುತ್ತದೆ, ಯಾವ ಫೈಲು ಯಾರ ಬಳಿಗೆ ಹೋಗುತ್ತದೆ, ಎಷ್ಟು ಕಾಲ ಉಳಿಯುತ್ತದೆ ಎಂಬುದನ್ನು ಹೇಳಬಲ್ಲವರು ನಿಮ್ಮಲ್ಲಿ ಯಾರಾದರೂ ಮುಂದೆ ಬಂದರೆ ಈ ಕೆಲಸ ಬೇಗ ಮುಗಿದೀತು. ಈ ಪತ್ರಿಕೆಯ ಸಂಪಾದಕರ ಮೂಲಕ ನನಗೆ ಬರೆಯಿರಿ. ಹೆಸರನ್ನು ಗುಟ್ಟಾಗಿಡಬೇಕೆಂದರೆ ಹಾಗೆಯೇ ಆಗಲಿ.

ಇತಿ ನಿಮ್ಮ ಶ್ರೇಯಸ್ಸನ್ನು ಬಯಸುವ,
ವಿಶ್ವಾಸಿ,
ಒಬ್ಬ ಹಳೆಯ ಹವ್ಯಾಸಿ ರಂಗಕರ್ಮಿ